ಟೈಫೂನಿನ ಜಾಡು ಹಿಡಿದವರು

ಬೆಂಗಳೂರಿನ ಯಾವುದಾದರೂ ಕಾಲೇಜಿನ ಭೌತವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿ, ಗೋಡೆಗೆ ತೂಗುಹಾಕಿರುವ ಫೋರ್ಟಿನ್ ವಾಯುಭಾರಮಾಪಕವನ್ನು ನೋಡಿ. ಪಾದರಸದ ಮಟ್ಟ 68 ಸೆಂಟಿಮೀಟರ್‌ನ ಆಸುಪಾಸಿನಲ್ಲಿ ಇರುತ್ತದೆ. ಪುಸ್ತಕದಲ್ಲಿ 76 ಎಂದಿದೆಯಲ್ಲ ಎಂದು ಪ್ರತಿವರ್ಷ ಯಾರಾದರೊಬ್ಬ ವಿದ್ಯಾರ್ಥಿ ಕೇಳಿಯೇ ಕೇಳುತ್ತಾನೆ. ಉತ್ತರ ನಿಮಗೆ ಗೊತ್ತು. ನಾವು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದ್ದೇವೆ. ನಮ್ಮ ತಲೆಯ ಮೇಲಿನ ಗಾಳಿ ಅಷ್ಟರಮಟ್ಟಿಗೆ ಕಡಿಮೆ. ಈ 68 ಸೆಂಟಿಮೀಟರನ್ನು ಹವಾಮಾನ ಶಾಸ್ತ್ರದ ಏಕಮಾನದಲ್ಲಿ ಹೇಳಿದರೆ ಹೆಚ್ಚು ಕಡಿಮೆ 910 ಹೆಕ್ಟೊಪಾಸ್ಕಲ್ (ಹಳೆಯ ಹೆಸರು ಮಿಲಿಬಾರ್) ಆಗುತ್ತದೆ. 2013ರ ನವೆಂಬರ್ 8ರ ಮುಂಜಾನೆ, ಫಿಲಿಪ್ಪೀನ್ಸ್‌ನ ಸಮಾರ್ ದ್ವೀಪದ ತುದಿಯಲ್ಲಿರುವ ಗಿವಾನ್ ಎಂಬ ಪಟ್ಟಣದ ಹವಾ ವೀಕ್ಷಣಾಲಯ ದಾಖಲಿಸಿದ ಒತ್ತಡವೂ 910 ಹೆಕ್ಟೊಪಾಸ್ಕಲ್. ಆದರೆ ಗಿವಾನ್ ಇರುವುದು ಕಡಲ ತೀರದಲ್ಲಿ! ಬೆಂಗಳೂರಿನ ಎತ್ತರಕ್ಕೆ ಏರದೆಯೇ ಅಲ್ಲಿನ ಒತ್ತಡ ಬೆಂಗಳೂರಿನದಾಗಿತ್ತು.

ಅದಕ್ಕೆ ಕಾರಣವಾದ ಚಂಡಮಾರುತದ ಅಂತರರಾಷ್ಟ್ರೀಯ ಹೆಸರು ಹೈಯಾನ್. ಫಿಲಿಪ್ಪೀನ್ಸ್‌ನಲ್ಲಿ ಅದಕ್ಕೆ ಯೋಲಾಂಡಾ ಎಂದು ಹೆಸರಿಟ್ಟಿದ್ದರು. ಪಶ್ಚಿಮ ಶಾಂತಸಾಗರದ ಚಂಡಮಾರುತಗಳನ್ನು ಟೈಫೂನ್ ಎನ್ನುತ್ತಾರೆ. ನಮ್ಮಲ್ಲಿ ಬಳಕೆಯಲ್ಲಿರುವ ‘ತೂಫಾನು’ ಕಿವಿಗೆ ಇದರ ನೆಂಟನಂತೆಯೇ ಕೇಳುತ್ತದೆ. ಮೂಲ ಅರಬ್ಬಿಯೋ ಚೀನಿಯೋ ಎಂಬ ಚರ್ಚೆಯನ್ನು ಭಾಷಾ ವಿದ್ವಾಂಸರಿಗೇ ಬಿಡೋಣ.

ಟೈಫೂನು ನೆಲಕ್ಕೆ ಹತ್ತಿರವಾಗುತ್ತಿರುವಾಗ ಅದರ ಜಾಡು ಹಿಡಿಯಲು ಹೊರಟವರ ಕಥೆಯನ್ನು ಈ ಲೇಖನದಲ್ಲಿ ನೋಡೋಣ. ಅವರಲ್ಲಿ ಬಹುಮಂದಿ ಸಂಬಳಕ್ಕೆ ಈ ಕೆಲಸಕ್ಕೆ ಬಂದವರಲ್ಲ. ಒಬ್ಬ ಮಾಜಿ ಹಡಗಿನ ಕಪ್ತಾನ, ಇಬ್ಬರು ಶಾಲಾ ಉಪಾಧ್ಯಾಯರು, ಕ್ಯಾಮೆರಾ ಹಿಡಿದ ಕೆಲವು ಹವ್ಯಾಸಿಗಳು. ಎಲ್ಲರ ಮುಂದೆಯೂ ಇದ್ದ ಪ್ರಶ್ನೆ ಎರಡೇ: ಚಂಡಮಾರುತದ ಕೇಂದ್ರ ಈಗ ಎಲ್ಲಿದೆ? ಅದು ಸಾಗುವ ದಾರಿಯ ಯಾವ ಪಕ್ಕದಲ್ಲಿ ನಾನು ನಿಂತಿದ್ದೇನೆ?

ಕಥೆಯ ಮೊದಲ ಭಾಗ ನಡೆದದ್ದು ನಮ್ಮ ದೇಶದಲ್ಲೇ. ಹೆನ್ರಿ ಪಿಡಿಂಗ್ಟನ್ ಹಡಗುಗಳಲ್ಲಿ ದುಡಿದು, ಬಳಿಕ ಕಲ್ಕತ್ತೆಯಲ್ಲಿ ನೆಲೆಸಿದವನು. ಭೂವಿಜ್ಞಾನದ ವಸ್ತುಸಂಗ್ರಹಾಲಯವೊಂದನ್ನು ನೋಡಿಕೊಳ್ಳುವುದು ಅವನ ಉದ್ಯೋಗವಾಗಿತ್ತು. ಬಿರುಗಾಳಿಗೆ ಸಿಕ್ಕಿ ಬಂದ ಹಡಗುಗಳ ದಿನಚರಿಗಳನ್ನು ಕಲೆಹಾಕಿ, ಯಾವ ಗಂಟೆಯಲ್ಲಿ ಯಾವ ಹಡಗಿಗೆ ಯಾವ ದಿಕ್ಕಿನ ಗಾಳಿ ಬಡಿಯಿತು ಎಂದು ನಕ್ಷೆಯಲ್ಲಿ ಗುರುತು ಹಾಕುವುದು ಅವನ ಗೀಳು. ಗುರುತುಗಳು ವೃತ್ತಾಕಾರವಾಗಿ ಕೂಡಿಬಂದವು. ಹಾವಿನ ಸುರುಳಿಯನ್ನು ನೆನಪಿಗೆ ತರುವ ಗ್ರೀಕ್ ಪದದಿಂದ ಅವನು ‘ಸೈಕ್ಲೋನ್’ ಎಂಬ ಹೆಸರನ್ನು ಕಟ್ಟಿದ. 1848ರಲ್ಲಿ ನಾವಿಕರಿಗಾಗಿ ಬರೆದ ಕೈಪಿಡಿಯಲ್ಲಿ ಅದನ್ನು ಬಳಸಿದ. ಆ ಪುಸ್ತಕದ ಜೊತೆಗೆ ಕೊಂಬಿನಿಂದ ಮಾಡಿದ, ಪಾರದರ್ಶಕವಾದ ತೆಳು ಹಾಳೆಗಳಿರುತ್ತಿದ್ದವು. ಅವುಗಳ ಮೇಲೆ ವೃತ್ತಗಳು, ಗಾಳಿಯ ಬಾಣದ ಗುರುತುಗಳು. ಕಪ್ತಾನನು ಹಾಳೆಯನ್ನು ಕಡಲ ನಕ್ಷೆಯ ಮೇಲಿಟ್ಟು, ತನಗೆ ಬೀಸುತ್ತಿರುವ ಗಾಳಿಯ ದಿಕ್ಕಿಗೆ ಬಾಣವನ್ನು ಹೊಂದಿಸಿದರೆ ಕೇಂದ್ರದ ದಿಕ್ಕು ತಿಳಿಯುತ್ತಿತ್ತು.

ಇದರ ಹಿಂದಿನ ನಿಯಮ ಸರಳ. ಉತ್ತರಾರ್ಧಗೋಳದಲ್ಲಿ ಗಾಳಿ ಕೇಂದ್ರದ ಸುತ್ತ ಅಪ್ರದಕ್ಷಿಣವಾಗಿ, ಅಂದರೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ನೀವು ಗಾಳಿಗೆ ಮುಖ ಮಾಡಿ ನಿಂತರೆ ಕೇಂದ್ರ ನಿಮ್ಮ ಬಲಗೈ ಕಡೆಗಿರುತ್ತದೆ. ಪಿಡಿಂಗ್ಟನ್ನನ ಕಾಲದವರು ಈ ಕೋನ ಸರಿಯಾಗಿ 90 ಡಿಗ್ರಿ ಎಂದು ನಂಬಿದ್ದರು. ಆದರೆ ಗಾಳಿ ವೃತ್ತದಲ್ಲಿ ಸುಮ್ಮನೆ ಸುತ್ತುವುದಿಲ್ಲ. ನೆಲ-ಜಲಗಳ ಘರ್ಷಣೆಯಿಂದಾಗಿ ಒಳಮುಖವಾಗಿ ಸುರುಳಿ ಸುತ್ತುತ್ತದೆ. ಹಾಗಾಗಿ ಕೋನ 90ಕ್ಕಿಂತ ಹೆಚ್ಚು, ಸುಮಾರು 110 ಡಿಗ್ರಿಯಷ್ಟು ಬರುತ್ತದೆ. ಕೇಂದ್ರವು ಬಲಗೈಯ ನೇರಕ್ಕಲ್ಲ, ಸ್ವಲ್ಪ ಬೆನ್ನ ಹಿಂದಕ್ಕೆ ಇದೆ ಎಂದರ್ಥ. 20 ಡಿಗ್ರಿ ವ್ಯತ್ಯಾಸ ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಹೋಗಬಹುದು. ಹಾಯಿ ಹಡಗನ್ನು ಅದು ಚಂಡಮಾರುತದ ನಡುವಿಗೇ ಒಯ್ದುಬಿಡುತ್ತದೆ.

ಪಿಡಿಂಗ್ಟನ್ ಇನ್ನೊಂದು ಕೆಲಸ ಮಾಡಿದ. ಕಲ್ಕತ್ತೆಯ ದಕ್ಷಿಣಕ್ಕೆ ಮಾತ್ಲಾ ನದಿಯ ದಂಡೆಯಲ್ಲಿ ಹೊಸ ಬಂದರು ಕಟ್ಟುವ ಯೋಜನೆ ಬಂದಾಗ, ಚಂಡಮಾರುತದ ಉಬ್ಬರ ಆ ಜಾಗವನ್ನು ಮುಳುಗಿಸುತ್ತದೆ ಎಂದು 1853ರಲ್ಲಿ ಗವರ್ನರ್ ಜನರಲ್‌ಗೆ ಎಚ್ಚರಿಕೆಯ ಪತ್ರ ಬರೆದ. ಯಾರೂ ಕಿವಿಗೊಡಲಿಲ್ಲ. ಪೋರ್ಟ್ ಕ್ಯಾನಿಂಗ್ ಎದ್ದು ನಿಂತಿತು. 1858ರಲ್ಲಿ ಪಿಡಿಂಗ್ಟನ್ ತೀರಿಕೊಂಡ. 1867ರ ಚಂಡಮಾರುತ ಬಂದರನ್ನು ಹಾಳುಗೆಡವಿತು. ಗಾಳಿಗಿಂತ ನೀರೇ ಹೆಚ್ಚು ಕೊಲ್ಲುತ್ತದೆ ಎಂಬ ಸಂಗತಿ ಆಗಲೇ ತಿಳಿದಿತ್ತು ಎಂಬುದನ್ನು ನೆನಪಿಟ್ಟುಕೊಳ್ಳಿ; ಮುಂದೆ ಬೇಕಾಗುತ್ತದೆ.

ಈಗ ಫಿಲಿಪ್ಪೀನ್ಸ್‌ಗೆ ಹೋಗೋಣ. ಆಗ ಅದು ಸ್ಪೇನಿನ ವಸಾಹತು. ಮನಿಲಾ ನಗರದಲ್ಲಿ ಜೆಸ್ಯೂಟ್ ಪಾದ್ರಿಗಳು ಅತೆನಿಯೊ ಎಂಬ ಶಾಲೆ ನಡೆಸುತ್ತಿದ್ದರು. ಅಲ್ಲಿನ ತರುಣ ಉಪಾಧ್ಯಾಯ ಫ್ರಾನ್ಸಿಸ್ಕೊ ಕೊಲಿನಾ ಅವರಿಗೆ ಹವೆಯನ್ನು ಗಮನಿಸುವ ಹವ್ಯಾಸ. 1865ರ ಸೆಪ್ಟೆಂಬರ್‌ನಲ್ಲಿ ಟೈಫೂನೊಂದು ಮನಿಲಾದ ಮೇಲೆ ಬಂದಾಗ ಇದ್ದಬದ್ದ ಉಪಕರಣಗಳಲ್ಲೇ ಅವರು ಒತ್ತಡ, ಗಾಳಿಗಳನ್ನು ದಾಖಲಿಸಿದರು. ಜೊತೆಗಾರ ಹೈಮೆ ನೊನೆಲ್ ಅದನ್ನು ಲೇಖನವಾಗಿಸಿ ಸ್ಥಳೀಯ ಪತ್ರಿಕೆಗೆ ಕೊಟ್ಟರು. ಓದಿದವರಲ್ಲಿ ಹಡಗು ವ್ಯಾಪಾರದವರೂ ಇದ್ದರು. ಈ ಅಳತೆಗಳನ್ನು ನಿಲ್ಲಿಸಬೇಡಿ ಎಂದು ಅವರು ಶಾಲೆಯ ಮುಖ್ಯಸ್ಥರನ್ನು ಕೇಳಿಕೊಂಡರು, ಒಳ್ಳೆಯ ಉಪಕರಣಕ್ಕೆ ಹಣ ಕೂಡಿಸಲೂ ಮುಂದಾದರು. ಮನಿಲಾ ವೀಕ್ಷಣಾಲಯ ಹುಟ್ಟಿದ್ದು ಹೀಗೆ. ಸರ್ಕಾರ ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟದ್ದು 1884ರಲ್ಲಿ. ಸುಮಾರು ಎರಡು ದಶಕ ಅದು ಶಾಲೆಯ ಮಾಡಿನಡಿಯ ಹವ್ಯಾಸವೇ ಆಗಿತ್ತು. ಶಾಲಾ ಉಪಾಧ್ಯಾಯರು ಇದನ್ನು ಓದುತ್ತಿದ್ದರೆ ಒಂದು ಕ್ಷಣ ಹೆಮ್ಮೆಪಡಲು ಅಡ್ಡಿಯಿಲ್ಲ.

1866ರಲ್ಲಿ ಅಲ್ಲಿಗೆ ಬಂದ ಫೆದೆರಿಕೊ ಫೌರಾ ಈ ಕೆಲಸವನ್ನು ವಿಜ್ಞಾನವಾಗಿಸಿದರು. ವಾಯುಭಾರಮಾಪಕ ಇಳಿದರೆ ಬಿರುಗಾಳಿ ಎನ್ನುವುದು ಯುರೋಪಿನವರ ಅನುಭವ. ಉಷ್ಣವಲಯದಲ್ಲಿ ಅಷ್ಟು ಸುಲಭವಲ್ಲ. ಇಲ್ಲಿ ಒತ್ತಡವು ಬಿಸಿಲಿನ ದಿನವೂ ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ: ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಏರು, ಮುಂಜಾನೆ ಮತ್ತು ಸಂಜೆ ಸುಮಾರು 4ಕ್ಕೆ ಇಳಿ. ಸೂರ್ಯನ ಶಾಖವನ್ನು ಓಜೋನ್ ಹಾಗೂ ನೀರಾವಿ ಹೀರಿಕೊಳ್ಳುವುದರಿಂದ ಇಡೀ ವಾಯುಮಂಡಲದಲ್ಲಿ ಏಳುವ ಉಬ್ಬರವಿಳಿತ ಇದು. ವ್ಯತ್ಯಾಸ ಮೂರು-ನಾಲ್ಕು ಹೆಕ್ಟೊಪಾಸ್ಕಲ್ ಮಾತ್ರ. ನಿಮ್ಮ ಕಾಲೇಜಿನ ಫೋರ್ಟಿನ್ ಮಾಪಕದ ವರ್ನಿಯರ್‌ನಲ್ಲಿ ಬೆಳಿಗ್ಗೆ 10ಕ್ಕೂ ಸಂಜೆ 4ಕ್ಕೂ ಓದಿ ನೋಡಿ. ಎರಡು ಮಿಲಿಮೀಟರಿಗೂ ಹೆಚ್ಚಿನ ಇಳಿತ ಸಿಗುತ್ತದೆ. ವಾರವಿಡೀ ಓದಿದರೆ ವಿದ್ಯಾರ್ಥಿಗಳಿಗೆ ಒಂದು ಚೆಂದದ ಅಲೆಯ ನಕ್ಷೆಯೇ ಸಿಗುತ್ತದೆ.

ದೂರದ ಟೈಫೂನು ಮೊದಲ ದಿನ ಉಂಟುಮಾಡುವ ಇಳಿತವೂ ಇಷ್ಟೇ ಸಣ್ಣದು. ಆದ್ದರಿಂದ ನಿತ್ಯದ ಅಲೆಯನ್ನು ಬಲ್ಲವನಿಗಷ್ಟೇ ಅಪಾಯ ಕಾಣುತ್ತದೆ. ಬೆಳಿಗ್ಗೆ 10ಕ್ಕೆ ಏರಬೇಕಾದ ಪಾದರಸ ಏರದೆ ನಿಂತಿತು ಎನ್ನಿ. ಅದು ಇಳಿಯದಿದ್ದರೂ ಸುದ್ದಿಯೇ. ಇದರ ಜೊತೆಗೆ ಆಕಾಶವೂ ಸುಳಿವು ಕೊಡುತ್ತದೆ. ಚಂಡಮಾರುತದ ನೆತ್ತಿಯಿಂದ ಹೊರಚೆಲ್ಲುವ ಸಿರಸ್ ಮೋಡಗಳು, ಅಂದರೆ ಬಹು ಎತ್ತರದ ಗರಿಯಂಥ ಮೋಡಗಳು, ದಿಗಂತದ ಒಂದು ಬಿಂದುವಿನಿಂದ ಬೀಸಣಿಗೆಯ ಕಡ್ಡಿಗಳಂತೆ ಹರಡಿಕೊಂಡಿರುತ್ತವೆ. ಆ ಬಿಂದುವಿನ ಕಡೆಗೆ ಕೇಂದ್ರ. ಅದೇ ಕಾಲದಲ್ಲಿ ಕ್ಯೂಬಾದ ಹವಾನಾದಲ್ಲಿ ಬೆನಿಟೊ ವಿನ್ಯೆಸ್ ಎಂಬ ಇನ್ನೊಬ್ಬ ಜೆಸ್ಯೂಟರೂ ಮೋಡಗಳಿಂದ ಇದೇ ಪಾಠ ಕಲಿಯುತ್ತಿದ್ದರು.

1879ರ ಜುಲೈ 7ರಂದು ಫೌರಾ ಉತ್ತರ ಲುಜಾನ್ ದ್ವೀಪವನ್ನು ಟೈಫೂನು ದಾಟಲಿದೆ ಎಂದು ಮುನ್ಸೂಚನೆ ಕೊಟ್ಟರು. ದಾಟಿತು. ಅದೇ ವರ್ಷ ನವೆಂಬರ್ 18ರಂದು, ಮನಿಲಾಕ್ಕೇ ಅಪಾಯ ಎಂದರು. ಬಂದರಿನ ಅಧಿಕಾರಿ ಹಡಗುಗಳನ್ನು ಹೊರಬಿಡಲಿಲ್ಲ. ಎರಡು ದಿನದ ಮೇಲೆ ಟೈಫೂನು ಬಂದಿತು. ದಕ್ಷಿಣ ಲುಜಾನ್‌ನ ಬಂದರುಗಳಲ್ಲಿ 42 ಹಡಗುಗಳು ಒಡೆದವು, ಎಚ್ಚರಿಕೆ ತಲುಪಿದ್ದ ಮನಿಲಾದಲ್ಲಿ ನಷ್ಟ ಕಡಿಮೆಯಾಯಿತು. ಒಂದು ಮಾಪಕ, ಒಂದು ಆಕಾಶ, ಒಂದಿಷ್ಟು ತಂತಿ ಸುದ್ದಿ, ಇಷ್ಟರಿಂದ ಎರಡು ದಿನದ ಮುನ್ಸೂಚನೆ! ಮರುವರ್ಷ ಸಮುದ್ರದಡಿಯ ತಂತಿ ಮನಿಲಾವನ್ನು ಹಾಂಗ್‌ಕಾಂಗ್‌ಗೆ ಜೋಡಿಸಿತು. ಫೌರಾ ಅವರ ಎಚ್ಚರಿಕೆಗಳು ಚೀನಾ ತೀರಕ್ಕೂ ಹೋಗತೊಡಗಿದವು.

ಇಲ್ಲೊಂದು ಬೇಸರದ ಅಧ್ಯಾಯವಿದೆ. ಹಾಂಗ್‌ಕಾಂಗ್‌ನಲ್ಲಿ 1883ರಲ್ಲಿ ಬ್ರಿಟಿಷರು ವೀಕ್ಷಣಾಲಯ ತೆರೆದರು. ಅದರ ನಿರ್ದೇಶಕ ವಿಲಿಯಂ ಡೋಬರ್ಕ್ ಅವರಿಗೆ ಮನಿಲಾದ ಪಾದ್ರಿಗಳ ಎಚ್ಚರಿಕೆಗಳು ಹಿಡಿಸಲಿಲ್ಲ. ಫಿಲಿಪ್ಪೀನ್ಸ್ ಅಮೆರಿಕದ ಕೈಸೇರಿದ ಮೇಲೆ, 1899ರಲ್ಲಿ, ಅವರು ದೂರು ಬರೆದು ಮನಿಲಾದಿಂದ ಹಾಂಗ್‌ಕಾಂಗ್‌ಗೆ ಎಚ್ಚರಿಕೆ ಹೋಗದಂತೆ ತಡೆ ತಂದರು. ಹಡಗು ಕಂಪನಿಗಳು ಗಲಾಟೆ ಮಾಡಿದ ಮೇಲೆ ತಡೆ ತೆರವಾಯಿತು. ಟೈಫೂನು ಹುಟ್ಟುವುದು ಪೂರ್ವದಲ್ಲಿ. ಹಾಂಗ್‌ಕಾಂಗ್‌ಗೆ ಬರುವ ಎಷ್ಟೋ ಟೈಫೂನುಗಳನ್ನು ಮನಿಲಾ ಮೊದಲೇ ಕಂಡಿರುತ್ತದೆ. ಪೂರ್ವದವನ ಮಾತನ್ನು ಪಶ್ಚಿಮದವನು ಕೇಳಲೇಬೇಕು. ಇದು ಪ್ರತಿಷ್ಠೆಯ ಪ್ರಶ್ನೆ ಆಗಬಾರದಿತ್ತು ಎಂದೇ ನನಗನ್ನಿಸುತ್ತದೆ.

ಫೌರಾ 1897ರಲ್ಲಿ ನಿಧನರಾದರು. ಉತ್ತರಾಧಿಕಾರಿ ಹೋಸೆ ಆಲ್ಗೆ ವಾಯುಭಾರಮಾಪಕದ ಜೊತೆಗೆ ಗಾಳಿಯ ದಿಕ್ಕಿನ ತಟ್ಟೆಯನ್ನು ಸೇರಿಸಿ ‘ಬ್ಯಾರೊಸೈಕ್ಲೊನೊಮೀಟರ್’ ಎಂಬ ಉಪಕರಣ ಮಾಡಿದರು. ಪಿಡಿಂಗ್ಟನ್ನನ ಕೊಂಬಿನ ಹಾಳೆಯ ಸುಧಾರಿತ ರೂಪ ಎನ್ನಬಹುದು. ಅದೇ 1897ರ ಅಕ್ಟೋಬರ್ 12ರಂದು ಸಮಾರ್ ಮತ್ತು ಲೇಟೆ ದ್ವೀಪಗಳ ಮೇಲೆ ಭಾರಿ ಟೈಫೂನು ಬಂತು. ಹೆರ್ನಾನಿ ಎಂಬ ಊರನ್ನು ಕಡಲು ಕೊಚ್ಚಿಕೊಂಡು ಹೋಯಿತು; ಲೇಟೆಯ ಟಾಕ್ಲೋಬಾನ್ ಹಾಳಾಯಿತು. ಆಲ್ಗೆ ಈ ಬಗ್ಗೆ ಒಂದು ಪುಸ್ತಕವನ್ನೇ ಬರೆದು 1898ರಲ್ಲಿ ಪ್ರಕಟಿಸಿದರು. ಗಿವಾನ್, ಹೆರ್ನಾನಿ, ಟಾಕ್ಲೋಬಾನ್: 116 ವರ್ಷಗಳ ಬಳಿಕ ಇದೇ ಮೂರು ಹೆಸರುಗಳು ಮತ್ತೆ ಬಂದವು.

ನಡುವಣ ಕಾಲವನ್ನು ಬೇಗ ದಾಟೋಣ. 1943ರ ಜುಲೈನಲ್ಲಿ ಜೋಸೆಫ್ ಡಕ್‌ವರ್ತ್ ಎಂಬ ಅಮೆರಿಕದ ವೈಮಾನಿಕ, ಒಂದು ಪಂಥದ ನೆಪದಲ್ಲಿ, ಒಂದೇ ಎಂಜಿನ್ನಿನ ತರಬೇತಿ ವಿಮಾನದಲ್ಲಿ ಟೆಕ್ಸಾಸ್‌ ಬಳಿಯ ಚಂಡಮಾರುತದ ಕಣ್ಣಿನೊಳಕ್ಕೆ ಹೋಗಿಬಂದ. 1944ರ ಡಿಸೆಂಬರ್ 18ರಂದು ಫಿಲಿಪ್ಪೀನ್ಸ್‌ನ ಪೂರ್ವಕ್ಕೆ ಅಮೆರಿಕದ ನೌಕಾಪಡೆ ಟೈಫೂನಿಗೆ ಸಿಕ್ಕಿ ಮೂರು ಯುದ್ಧನೌಕೆಗಳನ್ನೂ ಸುಮಾರು 790 ನಾವಿಕರನ್ನೂ ಕಳೆದುಕೊಂಡಿತು. ಆಮೇಲೆ ಟೈಫೂನಿನೊಳಕ್ಕೆ ವಿಮಾನ ಕಳಿಸುವುದು ವಾಡಿಕೆಯಾಯಿತು. 1979ರ ಅಕ್ಟೋಬರ್ 12ರಂದು ‘ಟಿಪ್’ ಎಂಬ ಟೈಫೂನಿನ ಕಣ್ಣಿನಲ್ಲಿ ಹಾಗೆ ಅಳೆದ 870 ಹೆಕ್ಟೊಪಾಸ್ಕಲ್, ಸಮುದ್ರ ಮಟ್ಟದಲ್ಲಿ ಈವರೆಗೆ ದಾಖಲಾದ ಕನಿಷ್ಠ ಒತ್ತಡ. ಇಷ್ಟರಲ್ಲಿ ಉಪಗ್ರಹಗಳು ಬಂದಿದ್ದವು. 1970ರ ದಶಕದಲ್ಲಿ ವರ್ನನ್ ಡ್ವೊರಾಕ್ ಎಂಬವರು ಉಪಗ್ರಹ ಚಿತ್ರದಲ್ಲಿನ ಮೋಡದ ವಿನ್ಯಾಸವನ್ನು ನೋಡಿ ಟೈಫೂನಿನ ಬಲಕ್ಕೆ 1ರಿಂದ 8ರವರೆಗೆ ಅಂಕ ಕೊಡುವ ಕ್ರಮ ರೂಪಿಸಿದರು. 1987ರಲ್ಲಿ ಅಮೆರಿಕ ಪಶ್ಚಿಮ ಶಾಂತಸಾಗರದ ದೈನಂದಿನ ವಿಮಾನ ಹಾರಾಟಗಳನ್ನು ನಿಲ್ಲಿಸಿತು.

ಇದರ ಪರಿಣಾಮ ಏನಾಯಿತು ನೋಡಿ. ಹೈಯಾನ್ ಭೂಮಿಯ ಮೇಲಿನ ಅತಿ ಪ್ರಬಲ ಚಂಡಮಾರುತಗಳಲ್ಲಿ ಒಂದು. ಡ್ವೊರಾಕ್ ಕ್ರಮದಲ್ಲಿ ಅದಕ್ಕೆ 8ಕ್ಕೆ 8 ಅಂಕ. ಆದರೆ ಅದರ ಗಾಳಿಯ ವೇಗ ಎಷ್ಟು? ಜಪಾನಿನ ಹವಾಮಾನ ಸಂಸ್ಥೆ ಗಂಟೆಗೆ 230 ಕಿಲೋಮೀಟರ್ ಎಂದಿತು, ಅಮೆರಿಕದ ಕೇಂದ್ರ 315 ಎಂದಿತು. ಮೊದಲನೆಯದು 10 ನಿಮಿಷದ ಸರಾಸರಿ, ಎರಡನೆಯದು 1 ನಿಮಿಷದ ಸರಾಸರಿ. ಅಂತರದ ಒಂದು ಪಾಲು ಇದರಿಂದ ಬಂದದ್ದು, ಎಲ್ಲವೂ ಅಲ್ಲ. ಕೇಂದ್ರದ ಒತ್ತಡ 895 ಎಂಬುದೂ ಅಂದಾಜೇ. ಯಾರೂ ಒಳಹೊಕ್ಕು ಅಳೆದಿರಲಿಲ್ಲ. ಹೀಗಾಗಿ ನೆಲದ ಮೇಲೆ, ಅದರ ದಾರಿಯಲ್ಲಿ ಇದ್ದ ಪ್ರತಿ ವಾಯುಭಾರಮಾಪಕಕ್ಕೂ ಬೆಲೆ ಬಂತು. ಗಿವಾನ್‌ನ ರೇಡಾರ್ ಗಾಳಿಗೆ ನಾಶವಾಯಿತು, ಟಾಕ್ಲೋಬಾನ್ ವಿಮಾನ ನಿಲ್ದಾಣದ ಹವಾ ಕೇಂದ್ರವನ್ನು ನೀರು ನುಂಗಿತು.

ಟಾಕ್ಲೋಬಾನ್‌ನಲ್ಲಿ ಅಂದು ಇನ್ನೂ ಕೆಲವು ಮಾಪಕಗಳಿದ್ದವು. ಟೈಫೂನುಗಳ ಬೆನ್ನುಹತ್ತಿ ಹೋಗುವ ಹವ್ಯಾಸಿಗಳಾದ ಜಾಶ್ ಮಾರ್ಗರ್ಮನ್, ಜೇಮ್ಸ್ ರೆನಾಲ್ಡ್ಸ್, ಮಾರ್ಕ್ ಥಾಮಸ್ ಅಲ್ಲಿನ ಹೋಟೆಲೊಂದರಲ್ಲಿ ಕಾದು ಕುಳಿತಿದ್ದರು. ಹೈಯಾನ್ ಗಿವಾನ್ ಬಳಿ ನೆಲ ತಾಕಿದ್ದು ಮುಂಜಾನೆ 4.40ಕ್ಕೆ. ಲೇಟೆ ಕೊಲ್ಲಿಯನ್ನು ದಾಟಿ, ಬೆಳಿಗ್ಗೆ 7ರ ಸುಮಾರಿಗೆ ಅದು ಲೇಟೆ ದ್ವೀಪವನ್ನು ಮುಟ್ಟಿದ್ದು ಟಾಕ್ಲೋಬಾನ್‌ನ ದಕ್ಷಿಣಕ್ಕಿರುವ ಟೊಲೋಸಾ ಬಳಿ.

ಈಗ ಆ ಎರಡನೆಯ ಪ್ರಶ್ನೆಯನ್ನು ಕೇಳೋಣ: ನಾವು ಯಾವ ಪಕ್ಕದಲ್ಲಿದ್ದೇವೆ? ಟೈಫೂನು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತಿದೆ. ನೀವು ಅದರ ದಾರಿಯ ಉತ್ತರಕ್ಕಿದ್ದೀರಿ, ಅಂದರೆ ಬಲಪಕ್ಕದಲ್ಲಿ. ಕಾಗದದ ಮೇಲೆ ಚಿತ್ರ ಬಿಡಿಸಿಕೊಳ್ಳಿ. ಕೇಂದ್ರ ಪೂರ್ವಕ್ಕಿದ್ದಾಗ ನಿಮಗೆ ಉತ್ತರದ ಗಾಳಿ. ಕೇಂದ್ರ ದಕ್ಷಿಣಕ್ಕೆ ಬಂದಾಗ ಪೂರ್ವದ ಗಾಳಿ. ಪಶ್ಚಿಮಕ್ಕೆ ದಾಟಿದ ಮೇಲೆ ದಕ್ಷಿಣದ ಗಾಳಿ. ಗಾಳಿ ಪ್ರದಕ್ಷಿಣವಾಗಿ ತಿರುಗುತ್ತದೆ. ನೀವು ದಾರಿಯ ದಕ್ಷಿಣಕ್ಕಿದ್ದರೆ ಉತ್ತರ, ಪಶ್ಚಿಮ, ದಕ್ಷಿಣ ಎಂದು ಅಪ್ರದಕ್ಷಿಣವಾಗಿ ತಿರುಗುತ್ತದೆ. ದಿಕ್ಕು ಬದಲಾಗದೆ ಗಾಳಿ ಬರೀ ಹೆಚ್ಚುತ್ತಿದ್ದರೆ ಕೇಂದ್ರ ನೇರ ನಿಮ್ಮ ಮೇಲೆಯೇ ಬರುತ್ತಿದೆ. ಬಲಪಕ್ಕಕ್ಕೆ ನಾವಿಕರು ‘ಅಪಾಯದ ಅರ್ಧವೃತ್ತ’ ಎಂದು ಹೆಸರಿಟ್ಟಿದ್ದಾರೆ; ಅಲ್ಲಿ ಸುತ್ತುವ ವೇಗಕ್ಕೆ ಟೈಫೂನು ಮುಂದೆ ಸಾಗುವ ವೇಗವೂ ಕೂಡುತ್ತದೆ. ಹೈಯಾನ್‌ನದು ಗಂಟೆಗೆ ಸುಮಾರು 40 ಕಿಲೋಮೀಟರ್ ನಡಿಗೆ, ಟೈಫೂನುಗಳ ಲೆಕ್ಕದಲ್ಲಿ ಓಟವೇ ಸರಿ.

ಟಾಕ್ಲೋಬಾನ್ ಇದ್ದದ್ದು ಬಲಪಕ್ಕದಲ್ಲಿ. ಅದೂ ಸಾನ್ ಪೆದ್ರೊ ಕೊಲ್ಲಿಯ ಆಳವಿಲ್ಲದ, ಕಿರಿದಾಗುತ್ತ ಹೋಗುವ ತುದಿಯಲ್ಲಿ. ಮೊದಲು ಉತ್ತರದ ಕಡೆಯಿಂದ ಬೀಸಿದ ಗಾಳಿ ಕೊಲ್ಲಿಯ ನೀರನ್ನು ಹೊರಕ್ಕೆ ತಳ್ಳಿತು. ಆಮೇಲೆ ಗಾಳಿ ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗಿದ್ದೇ ತಡ, ಅದೇ ನೀರು ಮರಳಿ ನುಗ್ಗಿತು. ಉಬ್ಬರದ ಎತ್ತರ 5ರಿಂದ 6 ಮೀಟರ್. ಇದರಲ್ಲಿ ಒತ್ತಡದ ಪಾಲು ಎಷ್ಟು? ಒತ್ತಡ 1 ಹೆಕ್ಟೊಪಾಸ್ಕಲ್ ಇಳಿದರೆ ಸಮುದ್ರ ಸುಮಾರು 1 ಸೆಂಟಿಮೀಟರ್ ಉಬ್ಬುತ್ತದೆ. 100 ಇಳಿದರೂ 1 ಮೀಟರ್ ಮಾತ್ರ. ಉಳಿದುದು ಬಹುಪಾಲು ಗಾಳಿಯ ಕೆಲಸ. ಗಾಳಿಯಿಂದ ನೀರಿನ ಮೇಲ್ಮೈಗೆ ಬರುವ ಓರೆ ಆಳಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಕೊಲ್ಲಿ ಆಳವಿಲ್ಲದಷ್ಟೂ ನೀರು ಎತ್ತರಕ್ಕೆ ಪೇರುತ್ತದೆ.

ಹೋಟೆಲಿನ ಕೆಳ ಅಂತಸ್ತಿಗೆ ನೀರು ನುಗ್ಗಿದಾಗ ಆ ಮೂವರೂ ಚಿತ್ರೀಕರಣ ಬಿಟ್ಟು, ಕೋಣೆಗಳಲ್ಲಿ ಸಿಕ್ಕಿಕೊಂಡಿದ್ದವರನ್ನು ಹಾಸಿಗೆಗಳ ಮೇಲೆ ತೇಲಿಸಿ ಹೊರತಂದರು. ಥಾಮಸ್ ಅವರ ಕಾಲಿಗೆ ಆಳವಾದ ಗಾಯವಾಯಿತು. ಅವರು ತಂದ ಒತ್ತಡದ ಅಂಕಿಗಳು, ಗಾಳಿ ಯಾವಾಗ ಹೇಗೆ ತಿರುಗಿತು ಎಂಬ ಚಿತ್ರಗಳು ಮುಂದೆ ಬಳಕೆಗೆ ಬಂದವು. ಹೆರ್ನಾನಿಯಲ್ಲಿ ಸಮಾಜಸೇವಾ ಕಾರ್ಯಕರ್ತರೊಬ್ಬರು ಮನೆಯೊಳಗಿಂದ ತೆಗೆದ ವಿಡಿಯೊ ಇನ್ನೂ ಮುಖ್ಯವಾಯಿತು. ಸುನಾಮಿಯಂಥ ಒಂದೇ ಗೋಡೆ ನೀರು ಮನೆಯೊಂದನ್ನು ಕಿತ್ತೊಯ್ಯುವ ದೃಶ್ಯ ಅದು. ಗಾಳಿಯ ಉಬ್ಬರ ಹಾಗೆ ಬರುವುದಿಲ್ಲವಲ್ಲ? ಹವಳದ ದಿಬ್ಬದ ಮೇಲೆ ಅಲೆಗಳ ಗುಂಪುಗಳು ಒಡೆಯುವಾಗ ಏಳುವ ದೀರ್ಘ ಅವಧಿಯ ಅಲೆಯೇ ಕಾರಣ ಎಂದು 2015ರ ಒಂದು ಅಧ್ಯಯನ ತೋರಿಸಿತು. ಅಲೆಯನ್ನು ಒಡೆದು ಕಾಪಾಡುತ್ತದೆ ಎಂದು ನಂಬಿದ್ದ ದಿಬ್ಬವೇ ಅಂದು ಬೇರೊಂದು ಅಲೆಯನ್ನು ಹುಟ್ಟಿಸಿತ್ತು. 1897ರಲ್ಲಿ ಹೆರ್ನಾನಿ ಕೊಚ್ಚಿಹೋದ ವರ್ಣನೆಯನ್ನು ಈಗ ಓದುವವರು ಇದನ್ನೂ ಗಮನದಲ್ಲಿಡಬೇಕು.

ಹೈಯಾನ್‌ನಿಂದ ಫಿಲಿಪ್ಪೀನ್ಸ್‌ನಲ್ಲಿ ಸತ್ತವರು ಅಧಿಕೃತವಾಗಿ 6,300. ಕಾಣೆಯಾದವರು 1,000ಕ್ಕೂ ಹೆಚ್ಚು. ದಾರಿ ಮೊದಲೇ ತಿಳಿದಿರಲಿಲ್ಲವೆ? ತಿಳಿದಿತ್ತು. ಎರಡು ಮೂರು ದಿನ ಮುಂಚೆಯೇ ನಕ್ಷೆಯಲ್ಲಿ ಗೆರೆ ಬಿದ್ದಿತ್ತು. ಫಿಲಿಪ್ಪೀನ್ಸ್‌ನ ಹವಾಮಾನ ಇಲಾಖೆಯ ಪ್ರಕಟಣೆಯಲ್ಲಿ 7 ಮೀಟರ್‌ವರೆಗೆ ‘ಸ್ಟಾರ್ಮ್ ಸರ್ಜ್’ ಬರಬಹುದು ಎಂದೂ ಇತ್ತು. ಆದರೆ ಆ ಇಂಗ್ಲಿಷ್ ಮಾತು ತೀರದ ಬಹುಪಾಲು ಜನರಿಗೆ ಅರ್ಥವಾಗಲಿಲ್ಲ. ದೊಡ್ಡ ಗಾಳಿ ಎಂದುಕೊಂಡು ಗಟ್ಟಿ ಗೋಡೆಯ ಕಟ್ಟಡ ಸೇರಿದವರು ಅಲ್ಲೇ ಮುಳುಗಿದರು. ಆಶ್ರಯಕ್ಕೆಂದು ಗೊತ್ತುಮಾಡಿದ್ದ ಕೆಲವು ಕಟ್ಟಡಗಳೇ ನೀರಿನಲ್ಲಿದ್ದವು. ಸುನಾಮಿಯಂತೆ ನೀರು ಬರುತ್ತದೆ ಎಂದಿದ್ದರೆ ಓಡುತ್ತಿದ್ದೆವು ಎಂದು ಬದುಕುಳಿದವರಲ್ಲಿ ಎಷ್ಟೋ ಮಂದಿ ಹೇಳಿದರು. ನಮ್ಮಲ್ಲೂ ‘ಚಂಡಮಾರುತದ ಉಬ್ಬರ’ ಎಂಬ ಪದವನ್ನು ಬರೆದುಬಿಡುತ್ತೇವೆ. ಎಷ್ಟು ಜನರಿಗೆ ಅದು ಮನೆಯೊಳಗೆ ಎದೆಯುದ್ದ ನಿಲ್ಲುವ ನೀರಾಗಿ ಕಾಣುತ್ತದೋ, ತರಗತಿಯಲ್ಲಿ ಕೇಳಿ ನೋಡಿ.

2014ರ ಡಿಸೆಂಬರ್ 6ರಂದು ಹಗುಪಿಟ್ ಎಂಬ ಟೈಫೂನು ಅದೇ ಸಮಾರ್ ದ್ವೀಪದ ಪೂರ್ವ ತೀರಕ್ಕೆ ಬಂದಿತು. ಅದು ಹೈಯಾನ್‌ನಷ್ಟು ಬಲವಾಗಿರಲಿಲ್ಲ, ನಡಿಗೆಯೂ ನಿಧಾನ. ಈ ಬಾರಿ ನೀರು ಬರುತ್ತದೆ ಎಂದು ಜನರಿಗೆ ಗೊತ್ತಿತ್ತು. 10 ಲಕ್ಷಕ್ಕೂ ಹೆಚ್ಚು ಮಂದಿ ಟೈಫೂನು ಬರುವ ಮೊದಲೇ ಮನೆ ಬಿಟ್ಟು ಸುರಕ್ಷಿತ ಜಾಗ ಸೇರಿದ್ದರು. ಸತ್ತವರ ಅಧಿಕೃತ ಸಂಖ್ಯೆ 18.